ಮೂರು ಬಾಗಿಲಿನ ಹೆಸರು

"ಕೈ ತೆಗೀರಿ ಸಾರ್, ಕತ್ತರಿ ಬರ್ತಿದೆ," ಅಂದಳು ದರ್ಜಿ ಅಕ್ಕ.

ನೆಗಡಿ ಇನ್ಸ್‌ಪೆಕ್ಟರ್ ಕೈ ಹಿಂದಕ್ಕೆಳೆದುಕೊಂಡ. ಕತ್ತರಿ ಅವನ ಬೆರಳಿದ್ದ ಜಾಗದಲ್ಲೇ ಕರಕರ ಸದ್ದು ಮಾಡುತ್ತಾ ನೀಲಿ ಬಟ್ಟೆಯನ್ನು ಸೀಳಿಕೊಂಡು ಮುಂದೆ ಹೋಯಿತು. ಕತ್ತರಿಸುವ ಮೇಜಿನ ಅರ್ಧ ಭಾಗದಲ್ಲಿ ಬಟ್ಟೆ, ಉಳಿದರ್ಧದಲ್ಲಿ ಅವನು ಹರಡಿಕೊಂಡಿದ್ದ ಕಾರ್ಡುಗಳು. ಅಳತೆ ಬರೆದುಕೊಂಡ ಚೀಟಿ ಎಲ್ಲೂ ಕಾಣಲಿಲ್ಲ.

"ಅಳತೆ ಇಲ್ಲದೆ ಕತ್ತರಿಸ್ತಿದೀಯಲ್ಲ, ಯಾರದಮ್ಮ ಇದು?"

"ಅವಳದೇ. ಒಡಹುಟ್ಟಿದವಳ ಅಳತೆ ಬರ್ಕೋಬೇಕಾ? ಭಾನುವಾರಕ್ಕೆ ಕೊಡ್ತೀನಿ ಅಂದಿದ್ದೆ." ಕತ್ತರಿ ನಿಲ್ಲಲಿಲ್ಲ. "ಕೊಡ್ತೀನಿ."

ಅವನು ಮೂಗು ಒರೆಸಿಕೊಂಡ. ಹನ್ನೆರಡು ತಿಂಗಳೂ ಹರಿಯುವ ಆ ಮೂಗಿನಿಂದಲೇ ಅವನಿಗೆ ಆ ಹೆಸರು ಬಂದದ್ದು. ಇವತ್ತು ಮಾತ್ರ ಕರವಸ್ತ್ರ ಬೇರೆ ಕೆಲಸಕ್ಕೂ ಆಯಿತು.

ಅಕ್ಕನ ತಂಗಿ ಮಂಗಳವಾರ ಮಧ್ಯಾಹ್ನ ಕಾಲುವೆ ದಾಟಿ ಹೋದವಳು ಮರಳಿರಲಿಲ್ಲ. ಮರಳಿದ್ದು ಅವಳ ತಗಡಿನ ಕಾರ್ಡುಡಬ್ಬಿ ಮಾತ್ರ. ಇವತ್ತು ಶುಕ್ರವಾರ. ಸಂಜೆ ನಾಲ್ಕಕ್ಕೆ ಹುಡುಕಾಟ ನಿಲ್ಲಿಸಬೇಕು ಅಂತ ಮೇಲಿನವರ ಆದೇಶ ಬಂದಿತ್ತು. ಗೋಡೆ ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ಊರಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಹೆಸರಿನ ಹುಡುಗಿ' ಅಂತ. ನಕ್ಷೆ ಕಚೇರಿಯಲ್ಲಿ ಅವಳದ್ದು ವಿಚಿತ್ರ ಕೆಲಸ. ಮನೆಮನೆಯ ಬಾಗಿಲು ತಟ್ಟಿ ಒಂದೇ ಒಂದು ಪ್ರಶ್ನೆ ಕೇಳಬೇಕು: ನೀವಿರೋ ಈ ಜಾಗಕ್ಕೆ ಏನಂತೀರಿ? ಏನು ಹೇಳಿದರೂ ಹಾಗೇ ಬರೆದುಕೊಳ್ಳಬೇಕು, ಬೈಗುಳವಾದರೂ ಸರಿ. ಮನೆಗೊಂದು ಕಾರ್ಡು. ಮೂರು ಬಾಗಿಲು ಒಂದೇ ಹೆಸರು ಹೇಳಿದರೆ ಆ ಹೆಸರು ನಕ್ಷೆಗೆ ಏರುತ್ತೆ. ಎರಡೇ ಬಾಗಿಲಾದರೆ ಇಲ್ಲ.

ಡಬ್ಬಿಯಲ್ಲಿದ್ದ ಕೊನೆಯ ಮೂರು ಕಾರ್ಡು, ಇನ್ನೂರ ಹನ್ನೆರಡು, ಹದಿಮೂರು, ಹದಿನಾಲ್ಕು, ಕಾಲುವೆಯ ಆಚೆ ದಡದಲ್ಲಿ ಸೇತುವೆಗೆ ಅಂಟಿಕೊಂಡ ಮೂರು ಮನೆಗಳವು. ಡಬ್ಬಿ ಸಿಕ್ಕಿದ್ದೂ ಸೇತುವೆ ಮೆಟ್ಟಿಲ ಮೇಲೆ. ಅಂದಮೇಲೆ ಹುಡುಗಿ ಕೊನೆಗಿದ್ದದ್ದು ದಡದಲ್ಲಿ. ದಡದಲ್ಲಿದ್ದವಳು ಹೋಗಿರೋದು ನೀರಿಗೆ. ಹೀಗೆ ಲೆಕ್ಕ ಹಾಕಿ ಅವನು ಕಾಲುವೆಗೆ ಬಲೆ ಹಾಕಿಸಿದ್ದ. ಎರಡು ದಿನದಲ್ಲಿ ಬಲೆಗೆ ಸಿಕ್ಕಿದ್ದು ಸೈಕಲ್ಲಿನ ಗಾಲಿ ಒಂದು, ಮಂಚದ ಕಾಲು ಒಂದು. ಆ ಮೂರು ಮನೆಯವರೂ "ಅವಳು ನಮ್ಮ ಬಾಗಿಲಿಗೆ ಬರ್ಲೇ ಇಲ್ಲ" ಅಂತ ಅಂದಿದ್ದರು. ಕಾರ್ಡು ಕಣ್ಣೆದುರಿಗಿದ್ದಾಗ ಬಾಯಿಮಾತನ್ನು ಯಾರು ನಂಬುತ್ತಾರೆ? ಸುಳ್ಳುಗಾರರು ಅಂತ ಅವನೇ ಗದರಿಸಿ ಬಂದಿದ್ದ.

"ಅವಳು ಏನು ಹೇಳೋಳು ಗೊತ್ತಾ ಸಾರ್?" ಅಕ್ಕ ಬಟ್ಟೆ ಮಡಿಸುತ್ತಾ ಅಂದಳು. "ಜನ ವಯಸ್ಸು ಸುಳ್ಳು ಹೇಳ್ತಾರೆ, ಓದಿದ್ದು ಸುಳ್ಳು ಹೇಳ್ತಾರೆ, ಗಂಡ ಎಲ್ಲಿ ಅಂದ್ರೆ ಅದೂ ಸುಳ್ಳೇ. ತಾವಿರೋ ಜಾಗಕ್ಕೆ ಏನಂತೀವಿ ಅನ್ನೋದ್ರಲ್ಲಿ ಮಾತ್ರ ಸುಳ್ಳು ಹೇಳ್ಬೇಕು ಅಂತ ಯಾರಿಗೂ ಹೊಳೆಯೋದೇ ಇಲ್ಲ ಅಂತ."

"ಜಾಣೆ."

"ಪ್ರತಿ ಮನೇಲೂ ಒಂದು ಗುಟ್ಟಿನ ನಕ್ಷೆ ಇರುತ್ತೆ ಅನ್ನೋಳು. ನಮ್ಮನೆ ಅಟ್ಟಕ್ಕೆ ನಾವಿಬ್ರೂ 'ವಿದೇಶ' ಅಂತಿದ್ವಿ. ಅಮ್ಮ ಬೈದ್ರೆ ಸಾಕು, ವಿದೇಶಕ್ಕೆ ಹೊರಟುಬಿಡೋಳು. ಊಟದ ಹೊತ್ತಿಗೆ ಕರೆದ್ರೆ, 'ಈಗ ಬರೋಕಾಗಲ್ಲ, ಬಹಳ ದೂರ ಇದೀನಿ' ಅಂತ ಅಲ್ಲಿಂದ್ಲೇ ಕೂಗೋಳು." ನಗಲು ಹೋದವಳ ಬಾಯಿ ಅರ್ಧಕ್ಕೇ ಸೊಟ್ಟಗಾಯಿತು. "ನಿಮ್ಮನೇಲೂ ಇರ್ಬೇಕಲ್ಲ?"

ಇತ್ತು. ಅಪ್ಪ ಇಟ್ಟಿಗೆ ಗೂಡಿಗೆ ಬೆಂಕಿ ಹಾಕುವ ಕೆಲಸದಲ್ಲಿದ್ದ. ಸಿಟ್ಟು ಬಂದರೆ ಬೆಲ್ಟು ಬಿಚ್ಚುತ್ತಿದ್ದ. ಆಗ ಅಣ್ಣತಮ್ಮ ಇಬ್ಬರೂ ದೊಡ್ಡ ಗೂಡಿನ ಹಿಂದೆ, ಬೂದಿ ಎಳೆಯುವ ಕಿಂಡಿಯೊಳಕ್ಕೆ ತೂರಿಕೊಳ್ಳುತ್ತಿದ್ದರು. ಒಳಗೆ ಮರಿ ಹಾಕಿದ ಒಂದು ಬೆಕ್ಕು. ಇವನು ರಾಜ, ತಮ್ಮ ಮಂತ್ರಿ, ಮರಿಗಳು ಪ್ರಜೆಗಳು. ಅದಕ್ಕೆ 'ಬೆಕ್ಕಿನ ರಾಜ್ಯ' ಅಂತ ಹೆಸರಿಟ್ಟುಕೊಂಡಿದ್ದರು. ಅಮ್ಮನಿಗೂ ಹೇಳಿರಲಿಲ್ಲ.

"ಇತ್ತು," ಅಂದ. ಅಷ್ಟೇ ಅಂದ.

ಬಾಗಿಲ ಪರದೆ ಸರಿಸಿಕೊಂಡು ಒಬ್ಬ ಮುದುಕಿ ಒಳಗೆ ಬಂದಳು. ಬಗಲಲ್ಲಿ ಒಂದು ಗಂಟು, ಬಾಯಲ್ಲಿ ಒಂದೇ ಹಲ್ಲು.

"ನನ್ನ ಲಂಗ ಆಯ್ತೇನವ್ವ? ಮೂರು ವಾರ ಆಯ್ತು. ನಾನು ಹಾಕ್ಕೊಳ್ಳೋಕೋ, ನನಗೆ ಹೊದಿಸೋಕೋ?"

"ಆಗಿದೆ ಅಜ್ಜಿ, ಕೂತ್ಕೋ." ಅಕ್ಕ ಇನ್ಸ್‌ಪೆಕ್ಟರನ ಕಡೆ ತಿರುಗಿದಳು. "ಇವರು ಕಾಲುವೆಯಾಚೆಯವರು ಸಾರ್."

ಮುದುಕಿಗೆ ಮೈಯೆಲ್ಲ ಉರಿದುಹೋಯಿತು. "ಯಾರೇ ಆಚೆಯವರು? ನಾವ್ಯಾಕೆ ಆಚೆಯವರಾಗ್ತೀವಿ? ಆಚೆಯವರು ನೀವು! ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ನನಗೆ ಕಾಲುವೆಯಾಚೆ ಕಾಣೋದು ನಿನ್ನ ಅಂಗಡಿ! ನಾವು ಗೂಡುಸಾಲಿನವರು."

"ಆಯ್ತಜ್ಜಿ, ತಪ್ಪಾಯ್ತು."

"ಕಚೇರಿಯವರೂ ನಿನ್ನ ಹಾಗೇ. ನಾನು ಹುಟ್ಟಿದಾಗ 'ಹೊರಭಾಗ' ಅಂದ್ರು. ಮದುವೆ ಹೊತ್ತಿಗೆ 'ಆರನೇ ವಿಭಾಗ'. ಯಜಮಾನ ಸತ್ತಾಗ 'ಉತ್ತರ ವಿಸ್ತರಣೆ'. ಕೂತ ಜಾಗ ಬಿಟ್ಟೇಳದೆ ಮೂರು ಊರು ಸುತ್ತಿದೀನಿ ಕಣೇ. ನನ್ನಷ್ಟು ತಿರುಗಿರೋ ಹೆಂಗಸು ಎಲ್ಲಾದ್ರೂ ಇದಾಳಾ ಹೇಳು!"

ಬಾಗಿಲಲ್ಲಿ ನಿಂತಿದ್ದ ಪೇದೆಯಮ್ಮ ಕಿಸಕ್ಕನೆ ನಕ್ಕಳು. ಇನ್ಸ್‌ಪೆಕ್ಟರ್ ನಗಲಿಲ್ಲ. ಅವನ ಕಣ್ಣು ಮೇಜಿನ ಮೇಲಿತ್ತು.

ಇನ್ನೂರ ಹನ್ನೆರಡು. ಹೇಳಿದ ಹೆಸರು: ಕಾಲುವೆಯಾಚೆ.

ಇನ್ನೂರ ಹದಿಮೂರು: ಕಾಲುವೆಯಾಚೆ.

ಇನ್ನೂರ ಹದಿನಾಲ್ಕು: ಕಾಲುವೆಯಾಚೆ.

ಆಚೆಯಲ್ಲೇ ಕೂತವರು ತಮ್ಮ ಹೊಸ್ತಿಲ ಮೇಲೆ ನಿಂತುಕೊಂಡು "ನಾವು ಆಚೆ" ಅಂದರಂತೆ! ಒಬ್ಬರಲ್ಲ, ಮೂರು ಮನೆಯವರು.

ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು ಅವನಿಗೆ. ನಿಜಕ್ಕೂ ಒಂದು ಸಲ ಬಾರಿಸಿದ್ದರು. ಅವನಿಗೆ ಒಂಬತ್ತು ವರ್ಷವಿದ್ದಾಗ ಸಂಸಾರ ಗೂಡುಸಾಲು ಬಿಟ್ಟು ಈ ದಡಕ್ಕೆ ಬಂದಿತ್ತು. ಹೊಸ ಶಾಲೆಯಿಂದ ಬಂದವನೇ "ಅಮ್ಮಾ, ನಾವು ಮೊದ್ಲು ಕಾಲುವೆಯಾಚೆ ಇದ್ವಲ್ಲ" ಅಂದಿದ್ದ. ಅಮ್ಮ ಪಟೀರನೆ ಕೊಟ್ಟಿದ್ದಳು. "ಇನ್ನೊಂದ್ಸಲ ಹಾಗಂದ್ರೆ ನಿನ್ನೂ ಆಚೆಗೆ ಹಾಕ್ತೀನಿ." ಅದಾಗಿ ನಲವತ್ತು ವರ್ಷ. ಅಮ್ಮ ಹೋಗಿ ಹದಿನೈದು. ಈಗ ಅವನ ಬಾಯಲ್ಲೂ ಬರುವುದು ಆಚೆ, ಆಚೆ, ಆಚೆಯವರು. ಎರಡು ದಿನ ಈ ಕಾರ್ಡುಗಳನ್ನು ತಿರುಗಿಸಿ ಮುರುಗಿಸಿ ನೋಡಿದ್ದ. ಗೂಡುಸಾಲಿನಲ್ಲಿ ಹುಟ್ಟಿದವನ ಕಣ್ಣಿಗೇ ಅದು ಬಿದ್ದಿರಲಿಲ್ಲ.

"ಅಜ್ಜಿ," ಅಂದ, "ಹೆಸರಿನ ಹುಡುಗಿ ನಿಮ್ಮನೆಗೆ ಬಂದಿದ್ಲಾ?"

"ಬಂದಿದ್ಲಲ್ಲ, ಮಂಗಳವಾರ. ನೀರು ಕೊಟ್ಟೆ. ಗೂಡುಸಾಲು ಅಂದೆ, ಬರ್ಕೊಂಡ್ಲು. ನನ್ನ ಹಲ್ಲು ನೋಡಿ ನಕ್ಕಳು, ನಾನೂ ನಕ್ಕೆ."

ಅವನು ಇನ್ನೂರ ಹನ್ನೊಂದು ತೆಗೆದ. 'ಗೂಡುಸಾಲು. ಹೇಳಿದವರು: ಅಜ್ಜಿ. ಹೇಳಿದ ರೀತಿ: ನಗುತ್ತಾ, ಒಂದು ಹಲ್ಲು ತೋರಿಸಿ.' ಹಿಂದಿನದು ತಿರುಗಿಸಿದ: 'ಬಾಗಿಲ ಸಂದಿಯಿಂದ, ಕೆಮ್ಮುತ್ತಾ.' ಅದರ ಹಿಂದಿನದು: 'ಮಗು ಅಳುತ್ತಿತ್ತು, ಕೂಗಿ ಹೇಳಿದರು.' ಪ್ರತಿಯೊಂದರಲ್ಲೂ ಹೇಳಿದ ರೀತಿ ಇತ್ತು. ಕೊನೆಯ ಮೂರರಲ್ಲಿ ಮಾತ್ರ ಆ ಸಾಲು ಬೋಳು.

ಅಕ್ಷರ ಮಾತ್ರ ಎಲ್ಲದರಲ್ಲೂ ಒಂದೇ. ಅದಕ್ಕೇ ಮೋಸಹೋದದ್ದು. ನಕ್ಷೆ ಕಚೇರಿಯಲ್ಲಿ ಸೇರಿದವರಿಗೆ ಮೊದಲ ಆರು ತಿಂಗಳು ಅಕ್ಷರ ತಿದ್ದಿಸುತ್ತಾರೆ. ಆಮೇಲೆ ಅಲ್ಲಿ ಯಾರು ಬರೆದರೂ ಒಬ್ಬರೇ ಬರೆದ ಹಾಗಿರುತ್ತದೆ.

"ಅಜ್ಜಿ, ನಿಮ್ಮನೆಯಿಂದ ಅವಳು ಯಾವ ಕಡೆ ಹೋದ್ಲು? ಸೇತುವೆ ಕಡೆಗಾ?"

"ಸೇತುವೆಗ್ಯಾಕೆ? ಹಳೇ ಇಟ್ಟಿಗೆ ಗೂಡುಗಳ ಹಿಂದಕ್ಕೆ ಹೋದ್ಲು. 'ಅಲ್ಯಾರೂ ಇಲ್ಲ ಕಣೇ' ಅಂದೆ. 'ಹೊಗೆ ಕಾಣ್ತಿದೆಯಲ್ಲಜ್ಜಿ, ಯಾರೋ ಇದಾರೆ' ಅಂದ್ಲು."

"ಇದನ್ನ ಪೊಲೀಸರಿಗ್ಯಾಕೆ ಹೇಳ್ಲಿಲ್ಲ?"

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರು ಕೇಳಿದ್ರು ಮಗಾ?"

ಕತ್ತರಿ ನೆಲಕ್ಕೆ ಬಿತ್ತು. ದರ್ಜಿ ಅಕ್ಕ ಅದನ್ನು ಎತ್ತಿಕೊಳ್ಳಲಿಲ್ಲ.

* * *

ಸೇತುವೆಯ ಬುಡದಲ್ಲಿ ಅವನ ತಮ್ಮ ದೋಣಿಯಲ್ಲಿ ನಿಂತು ಬಲೆ ಎಳೆಯುತ್ತಿದ್ದ. ತಮ್ಮ ಕಸುಬಿನಲ್ಲಿ ಮುಳುಗುಗಾರ. ಬಾವಿಗೆ ಬಿದ್ದ ಬಿಂದಿಗೆಯಿಂದ ಹಿಡಿದು ಕಾಲುವೆಗೆ ಬಿದ್ದ ಮನುಷ್ಯರ ತನಕ ಎಲ್ಲ ಎತ್ತಿಕೊಡುವವನು ಅವನೇ. ಊರವರು ಅವನನ್ನು ಬಾತುಕೋಳಿ ಅಂತ ಕರೆಯುತ್ತಿದ್ದರು. ಡಬ್ಬಿ ಸಿಕ್ಕಿದ್ದೂ ಬುಧವಾರ ಮಧ್ಯಾಹ್ನ ಅವನಿಗೇ. ಓದಲು ಬಾರದವನು ಮುಚ್ಚಳದ ಮೇಲಿನ ಮುದ್ರೆ ಗುರುತು ಹಿಡಿದು, ನೇರ ನಕ್ಷೆ ಕಚೇರಿಗೇ ಕೊಟ್ಟುಬಂದಿದ್ದ. ಪೊಲೀಸರ ಕೈ ಸೇರಿದ್ದು ಆಮೇಲೆ.

"ಅಣ್ಣಾ, ಊಟ ಆಯ್ತೇನೋ? ನಿನ್ನ ಮೂಗು ಕಾಲುವೆಗಿಂತ ಜೋರಾಗಿ ಹರೀತಿದೆ, ಬಲೆ ಅಲ್ಲಿಗೇ ಹಾಕ್ಲಾ?"

"ಬಲೆ ಬಿಡು. ಅವಳು ನೀರಲ್ಲಿಲ್ಲ."

ತಮ್ಮನ ಕೈ ಹಗ್ಗದ ಮೇಲೆ ನಿಂತಿತು. "ಯಾರಂದ್ರು?"

"ಒಬ್ಬಳು ಅಜ್ಜಿ. ಹುಡುಗಿ ಗೂಡುಗಳ ಹಿಂದೆ ಹೋಗಿದ್ದಾಳೆ. ನಾವು ಎರಡು ದಿನ ನೀರು ಕಲಕಿದ್ವಿ ಅಷ್ಟೇ."

ತಮ್ಮ ಹಗ್ಗವನ್ನು ನಿಧಾನವಾಗಿ ಸುತ್ತಿಟ್ಟ. ನೆನೆದು ನೆನೆದು ಸುಕ್ಕುಗಟ್ಟಿದ ಬೆರಳುಗಳು. "ಎರಡು ದಿನ," ಅಂದ. "ಪಾಪ, ಆ ಅಕ್ಕ."

"ನಾಲ್ಕು ಜನ ಪೇದೆಗಳಿದಾರೆ. ಅವರಿಗೆ ಅಲ್ಲಿ ತಲೆಬುಡ ಗೊತ್ತಿಲ್ಲ. ನೀನು ಜೊತೇಲಿ ಹೋಗು. ಮೂವತ್ತೆರಡು ಗೂಡೂ ನೋಡಿ, ಒಂದೂ ಬಿಡಬೇಡಿ. ನಾನು ನಕ್ಷೆ ಕಚೇರಿಗೆ ಹೋಗಿ ಬರ್ತೀನಿ."

"ನೀ ಯೋಚ್ನೆ ಮಾಡ್ಬೇಡಣ್ಣ," ಅಂದ ತಮ್ಮ, ದಡಕ್ಕೆ ಹಾರಿ. "ಆ ಇಟ್ಟಿಗೆಗಳಲ್ಲಿ ನನಗೆ ಗೊತ್ತಿಲ್ಲದ್ದು ಒಂದೂ ಇಲ್ಲ."

ದಾರಿಯಲ್ಲಿ ಪೇದೆಯಮ್ಮ ಜೀಪು ಓಡಿಸುತ್ತಾ ಅಂದಳು, "ಇಂಥ ತಮ್ಮ ಸಿಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು ಸಾರ್. ನನ್ನ ತಮ್ಮ ಇದಾನೆ, ಉಪ್ಪು ತಾ ಅಂದ್ರೆ ಉಪ್ಪು ಎಲ್ಲಿದೆ ಅಂತ ನನ್ನೇ ಕೇಳ್ತಾನೆ."

* * *

ನಕ್ಷೆ ಕಚೇರಿಯ ಮೇಲ್ವಿಚಾರಕ ಸಣ್ಣಗೆ, ಉದ್ದಕ್ಕೆ, ನೆಟ್ಟಗೆ ಇದ್ದ. ಅವನ ಕೈಕೆಳಗಿನವರು ಇಟ್ಟಿದ್ದ ಹೆಸರು 'ಅಳತೆಪಟ್ಟಿ'. ಮೇಜಿನ ಮೇಲೆ ಪೆನ್ಸಿಲುಗಳು ಎತ್ತರದ ಪ್ರಕಾರ ಸಾಲಾಗಿ ಮಲಗಿದ್ದವು. ಹಿಂದಿನ ಗೋಡೆಯ ತುಂಬ ಒಂದು ದೊಡ್ಡ ಹಾಳೆ. ಈ ದಡದಲ್ಲಿ ಇರುವೆ ಕೂರಲು ಜಾಗವಿಲ್ಲದಷ್ಟು ಹೆಸರುಗಳು. ಕಾಲುವೆಯ ಗೆರೆ ದಾಟಿದರೆ ಹಾಳೆ ಬೆಳ್ಳಗೆ, ತೊಳೆದಿಟ್ಟ ಹಾಗೆ.

ಇನ್ಸ್‌ಪೆಕ್ಟರ್ ಮೂರು ಕಾರ್ಡುಗಳನ್ನು ಪೆನ್ಸಿಲುಗಳ ಮೇಲೆ ಇಟ್ಟ.

"ಸಾಹೇಬರ ಮನೆ ಎಲ್ಲಿ?"

"ಇಲ್ಲೇ, ಹಿಂದಿನ ಬೀದಿ."

"ನಿಮ್ಮ ಬೀದಿಯವರು ಅದಕ್ಕೆ 'ಹಿಂದಿನ ಬೀದಿ' ಅಂತಾರಾ?"

"ಇಲ್ಲಪ್ಪ. ಅದು ಈ ಕಚೇರಿಯಿಂದ ನೋಡಿದ್ರೆ ಹಿಂದಿನ ಬೀದಿ. ನಮಗೆ ಅದು..." ಅಳತೆಪಟ್ಟಿಯ ಮಾತು ನಿಂತಿತು. ಕಣ್ಣು ಕಾರ್ಡುಗಳ ಮೇಲೆ ಬಿತ್ತು. ಮುಖದ ಬಣ್ಣ ಹಿಂದಿನ ಹಾಳೆಯ ಬಣ್ಣಕ್ಕೆ ಬಂತು.

"ನಿಮಗೆ ಏನು? ಹೇಳಿ ಸಾಹೇಬ್ರೆ."

"ನಾನು..."

"ಈ ಮೂರು ಮನೆಗೆ ಯಾರೂ ಹೋಗ್ಲೇ ಇಲ್ಲ. ಆ ಜನ ನಿಜ ಹೇಳಿದ್ರು, ನಾನೇ ಸುಳ್ಳುಗಾರರು ಅಂದೆ. ಇವನ್ನ ಬರೆದೋರು ಹುಟ್ಟಿದಾರಭ್ಯ ಈ ದಡ ಬಿಟ್ಟು ಹೋಗದೇ ಇರೋರು. ಇಲ್ಲಿ ಕೂತು ಕಿಟಕಿಯಿಂದ ನೋಡಿದ್ರೆ ಅದು ಆಚೆ. ಅಲ್ಲಿ ನಿಂತ್ರೆ ಅಲ್ಲ. ಆರು ತಿಂಗಳು ಅಕ್ಷರ ತಿದ್ದಿದ್ರಿ, ಸರಿ. ಒಂದು ದಿನ ಆ ಸೇತುವೆ ದಾಟಿದೀರಾ?"

ಅಳತೆಪಟ್ಟಿ ಕೂತುಕೊಂಡ. ನೆಟ್ಟಗಿದ್ದ ಮನುಷ್ಯ ನಡುವಿನಲ್ಲಿ ಮುರಿದ ಹಾಗೆ ಕೂತ.

"ಬುಧವಾರ ಸಂಜೆಯೊಳಗೆ ಹಾಳೆ ಮುಗಿಸಿ ಕೊಡ್ಬೇಕಿತ್ತು. ಮೇಲಿಂದ ಒತ್ತಾಯ. ಅವಳು ಆರೇಳು ಬಾಗಿಲಿಂದ ಗೂಡುಸಾಲು ಅಂತ ತಂದುಬಿಟ್ಟಿದ್ಲು. ಅದು ನಕ್ಷೆಗೆ ಏರಿದ್ರೆ ಆ ಜಾಗ 'ವಸತಿ' ಆಗುತ್ತೆ. ವಸತಿ ಆದ್ರೆ ಯಾರೂ ಕೆಡವೋ ಹಾಗಿಲ್ಲ."

"ಏರದಿದ್ರೆ?"

"ನಿಯಮ ಇದೆ. ಒಂದೇ ಜಾಗಕ್ಕೆ ಮೂರು ಬಾಗಿಲು ಒಂದು ಹೆಸರು, ಇನ್ನು ಮೂರು ಬಾಗಿಲು ಇನ್ನೊಂದು ಹೆಸರು ಹೇಳಿದ್ರೆ, ಎರಡೂ ಬಿದ್ದುಹೋಗುತ್ತೆ. ಕಚೇರಿ ಇಟ್ಟ ಹೆಸರೇ ನಿಲ್ಲುತ್ತೆ." ಅವನು ಹಿಂದಿನ ಹಾಳೆಯ ಕಡೆ ತಿರುಗದೆ ಕೈ ತೋರಿಸಿದ. ಬಿಳಿಯ ನಡುವೆ, ಹತ್ತಿರ ಹೋದರೆ ಕಾಣುವಷ್ಟು ಸಣ್ಣಗೆ, ಬರೆದಿತ್ತು: ಉತ್ತರ ಮೀಸಲು ಪ್ರದೇಶ. "ಮೀಸಲು ಅಂದ್ರೆ ಖಾಲಿ. ಅಲ್ಲಿ ಮನೆಗಳಿದ್ರೂ ನಮ್ಮ ಲೆಕ್ಕದಲ್ಲಿ ಇಲ್ಲ."

"ಮೂರು ಕಾರ್ಡು," ಅಂದಳು ಪೇದೆಯಮ್ಮ ಬಾಗಿಲಿಂದ. "ಮೂರೇ ಕಾರ್ಡಿಗೆ ಅಷ್ಟು ಜನರನ್ನ ಒರೆಸಿಹಾಕಿದ್ರಾ ಮಾರಾಯ್ರೇ? ನಮ್ಮನೇಲಿ ಇರುವೆ ಒರೆಸೋಕೂ ಇದಕ್ಕಿಂತ ಹೊತ್ತು ಬೇಕು."

"ಅವಳು ಕಾಣೆಯಾಗಿದ್ದು ನನಗೆ ಗೊತ್ತಿರ್ಲಿಲ್ಲ! ದೇವರಾಣೆ. ಎಲ್ಲೋ ಹೋಗಿದಾಳೆ, ನಾಳೆ ಬರ್ತಾಳೆ ಅಂದ್ಕೊಂಡೆ. ಆಮೇಲೆ ನೀವು ಬಂದು ಡಬ್ಬಿ ತಗೊಂಡು ಹೋದ್ರಿ. ಕಾರ್ಡು ನೋಡಿ ಬಲೆ ಹಾಕಿಸಿದ್ರಿ. ಆಗ ಹೇಳೋಕೆ..." ಅವನು ಕಿಟಕಿಯ ಕಡೆ ತಿರುಗಿದ. "ದಿನಾ ಈ ಕಿಟಕೀಲಿ ನಿಂತು ಬಲೆ ನೋಡ್ತಿದ್ದೆ."

"ನೋಡ್ತಿದ್ರಿ."

"ನಾಳೆ ಹೇಳೋಣ, ನಾಳೆ ಹೇಳೋಣ ಅಂತ."

ಬೈಯುವ ಶಕ್ತಿಯೂ ಇನ್ಸ್‌ಪೆಕ್ಟರನಿಗೆ ಉಳಿದಿರಲಿಲ್ಲ. ಹುಡುಗಿಯನ್ನು ಕದ್ದ ರಾಕ್ಷಸ ಸಿಗುತ್ತಾನೆ ಅಂತ ಮೆಟ್ಟಿಲು ಹತ್ತಿ ಬಂದಿದ್ದ. ಸಿಕ್ಕಿದ್ದು ಗಡುವಿಗೆ ಹೆದರಿದ ಒಬ್ಬ ಗುಮಾಸ್ತ. ಈ ಅಂಜುಬುರುಕನ ಮೂರು ಚೂರು ರಟ್ಟು, ತನ್ನ ಒಂದು ಪೆದ್ದು ಲೆಕ್ಕ. ಎರಡೂ ಸೇರಿ ಒಂದು ಜೀವದ ಎರಡು ದಿನ ತಿಂದುಹಾಕಿದ್ದವು.

"ಕೆಡವೋದು ಯಾವಾಗ?"

"ನಾಳೆ. ಬೆಳಿಗ್ಗೆ ಎಂಟಕ್ಕೆ ಯಂತ್ರಗಳು ಹೋಗ್ತವೆ. ಮೊದಲು ಗೂಡುಗಳು, ಆಮೇಲೆ ಮನೆಗಳು."

"ನಿಲ್ಲಿಸಿ."

"ಹಾಳೆ ನನ್ನ ಕೈಬಿಟ್ಟಿದೆ. ಸಹಿ ಆಗಿದೆ. ನಾನೀಗ ಸುಳ್ಳು ಬರೆದೆ ಅಂತ ಕೂಗಿದ್ರೂ ಅದನ್ನ ಕೇಳೋ ಕಚೇರಿ ತೆಗೆಯೋದು ಸೋಮವಾರ."

ಗೋಡೆಯಾಚೆ ಯಾರೋ ಪೆನ್ಸಿಲು ಕೆತ್ತುವ ಸದ್ದು ಬರುತ್ತಿತ್ತು. ಇನ್ಸ್‌ಪೆಕ್ಟರ್ ಇನ್ನೂರ ಹನ್ನೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿದ. ಅಜ್ಜಿಯ ಹಲ್ಲು. ಆಮೇಲೆ ಹೊಗೆ ಕಂಡ ಕಡೆಗೆ ಹೋದಳು. ಹೊಗೆ ಇದ್ದಲ್ಲಿ ಮನುಷ್ಯ. ಮನುಷ್ಯ ಇದ್ದಲ್ಲಿ ಅವಳು ಕೇಳದೆ ಬಿಡುವವಳಲ್ಲ.

"ಸಾಹೇಬ್ರೆ, ಡಬ್ಬಿ ನಿಮ್ಮ ಕೈಗೆ ಬಂದಾಗ ಇದರ ಮುಂದೆ ಏನಿತ್ತು?"

"ಏನೂ ಇರ್ಲಿಲ್ಲ."

ಬಾಯಿ ಹಾಗಂದಿತು. ಕಣ್ಣು ಮಾತ್ರ ಎಡಗಡೆಯ ಖಾನೆಗೆ ಹೋಗಿ ಬಂತು.

ಪೇದೆಯಮ್ಮ ಎರಡೇ ಹೆಜ್ಜೆಗೆ ಅಲ್ಲಿದ್ದಳು. ಖಾನೆಯ ತಳದಲ್ಲಿ, ರಬ್ಬರು ಚೂರುಗಳ ಕೆಳಗೆ, ಒಂದೇ ಒಂದು ಕಾರ್ಡು.

"ಹರಿದು ಬಿಸಾಕಿದ್ರೆ ನಾವು ಜನ್ಮದಲ್ಲಿ ಪತ್ತೆ ಮಾಡ್ತಿರ್ಲಿಲ್ಲ," ಅಂದಳು, ನಿಜವಾಗಿ ಅಚ್ಚರಿಪಟ್ಟು. "ಯಾಕೆ ಇಟ್ಕೊಂಡ್ರಿ?"

ಅಳತೆಪಟ್ಟಿ ಅವಳನ್ನು ನೋಡಿದ ರೀತಿಯಲ್ಲಿ ಮೊದಲ ಸಲ ಸ್ವಲ್ಪ ಸ್ವಾಭಿಮಾನ ಕಂಡಿತು. "ಕಾರ್ಡು ಹರಿಯೋ ಹಾಗಿಲ್ಲಮ್ಮ. ಇಲ್ಲಿ ಯಾರೂ ಯಾವತ್ತೂ ಕಾರ್ಡು ಹರಿದಿಲ್ಲ."

ಇನ್ಸ್‌ಪೆಕ್ಟರ್ ಅದನ್ನು ಬೆಳಕಿಗೆ ಹಿಡಿದ.

ಸಂಖ್ಯೆ: ಇನ್ನೂರ ಹನ್ನೆರಡು. ದಿನ: ಬುಧವಾರ, ಬೆಳಿಗ್ಗೆ.

ಬುಧವಾರ! ಮಂಗಳವಾರ ರಾತ್ರಿ ಮನೆಗೆ ಬಾರದ ಹುಡುಗಿ ಬುಧವಾರ ಬೆಳಿಗ್ಗೆ ಕೂತು ಕಾರ್ಡು ಬರೆದಿದ್ದಾಳೆ. ಬದುಕಿದ್ದಳು. ಬುಧವಾರ ಬದುಕಿದ್ದವಳು ಶುಕ್ರವಾರವೂ ಬದುಕಿರಬಹುದು. ಮೂರು ದಿನದಲ್ಲಿ ಮೊದಲ ಸಲ ಅವನ ಮೈಗೆ ಬಿಸಿ ಬಂತು.

"ಅಕ್ಕಂಗೆ ಫೋನ್ ಮಾಡ್ಲಾ ಸಾರ್?" ಪೇದೆಯಮ್ಮ ಆಗಲೇ ಫೋನು ತೆಗೆದಿದ್ದಳು.

"ತಡಿ."

ಮನೆ: ಬರೆದಿಲ್ಲ.

ಹೇಳಿದವರು: ಗಂಡಸು, ನಲವತ್ತರ ಮೇಲೆ. ಕಸುಬು ಹೇಳಲಿಲ್ಲ. ಬೆರಳು ನೀರಲ್ಲಿ ನೆನೆದವರ ಹಾಗೆ.

ಹೇಳಿದ ರೀತಿ: ನಿನ್ನೆಯಿಂದ ಮಾತಾಡಿರಲಿಲ್ಲ. ಇದನ್ನು ಕೇಳಿದಾಗ ಮೊದಲ ಸಲ ನಕ್ಕರು.

"ಅದಕ್ಕೇ ತೆಗೆದಿಟ್ಟೆ," ಅಳತೆಪಟ್ಟಿ ಗೊಣಗುತ್ತಿದ್ದ. "ದಿನಾಂಕ ಸರಿಯಿಲ್ಲ, ಮನೆ ಇಲ್ಲ, ಹೆಸರಂತೂ ಮಕ್ಕಳಾಟ. ದೊಡ್ಡೋರು ಯಾರಾದ್ರೂ ಹಾಗೆ ಕರೀತಾರಾ? ಅವಳೇ ಏನೋ ತಮಾಷೆಗೆ ಬರ್ಕೊಂಡಿರ್ಬೇಕು ಅಂದ್ಕೊಂಡೆ."

ಕೊನೆಯ ಸಾಲಿನಲ್ಲಿ, ಎಲ್ಲರದೂ ಒಂದೇ ಆದ ಆ ಅಚ್ಚುಕಟ್ಟು ಅಕ್ಷರದಲ್ಲಿ, ಹೇಳಿದ ಹೆಸರು ಇತ್ತು.

ಬೆಕ್ಕಿನ ರಾಜ್ಯ.

ಇನ್ಸ್‌ಪೆಕ್ಟರ್ ಅದನ್ನು ಎರಡನೇ ಸಲ ಓದಲಿಲ್ಲ. ಓದುವ ಅಗತ್ಯವಿರಲಿಲ್ಲ. ಬಂದಿದ್ದ ಬಿಸಿಯೆಲ್ಲ ಕಾಲಿನಿಂದ ಇಳಿದು ನೆಲಕ್ಕೆ ಹೋಯಿತು. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ.

"ಅಣ್ಣಾ?" ತಮ್ಮನಿಗೆ ಏದುಸಿರು. "ಮುಗೀತು. ಮೂವತ್ತೆರಡೂ ನೋಡಿದ್ವಿ. ಏನೂ ಇಲ್ಲ. ಪೇದೆಗಳನ್ನ ಕಳಿಸಿಬಿಡ್ಲಾ? ಪಾಪ, ಬೆಳಿಗ್ಗೆಯಿಂದ ನಿಂತೇ ಇದಾರೆ."

"ದೊಡ್ಡ ಗೂಡು?" ಅವನ ದನಿ ಅವನಿಗೇ ಯಾರದೋ ಅನ್ನಿಸಿತು.

"ಅದಕ್ಕೆ ನಾನೇ ಇಳಿದೆ. ಅವರ ಹೊಟ್ಟೆ ಅದರಲ್ಲಿ ತೂರುತ್ತಾ?" ತಮ್ಮ ನಕ್ಕ.

"ಅದರ ಹಿಂದೆ?"

ರಾಜ ಕೇಳಿದರೆ ಮಂತ್ರಿ ಉತ್ತರ ಕೊಡಲೇಬೇಕು, ಆ ರಾಜ್ಯದಲ್ಲಿ ಇದ್ದದ್ದು ಅದೊಂದೇ ಕಾನೂನು.

"ಹಿಂದೇನಿದೆ ಅಣ್ಣ?" ಅಂದ ತಮ್ಮ. "ಅಲ್ಲೇನೂ ಇಲ್ಲ. ಬರೀ ಬೂದಿ."

ಫೋನು ಕೆಳಗಿಳಿಯಿತು. ಕಿಟಕಿಯಾಚೆ, ಕಾಲುವೆ ದಾಟಿ, ದೊಡ್ಡ ಗೂಡಿನ ಹೊಗೆ ಕೊಳವೆ ಇಲ್ಲಿಗೂ ಕಾಣುತ್ತಿತ್ತು, ಬೆರಳಷ್ಟು ಸಣ್ಣಗೆ. ಬೆಳಿಗ್ಗೆ ಎಂಟಕ್ಕೆ ಅದು ಮೊದಲು ಬೀಳುವುದು.

ಪೇದೆಯಮ್ಮ ಅವನ ಕೈಯಿಂದ ಕಾರ್ಡು ತೆಗೆದುಕೊಂಡು ಓದಿದಳು. ಹಣೆ ಗಂಟಿಕ್ಕಿತು. "ಇದೆಲ್ಲಿದೆ ಸಾರ್? ಬೆಕ್ಕಿನ ರಾಜ್ಯ ಅಂದ್ರೆ ಎಲ್ಲಿ? ನಿಮಗೇನಾದ್ರೂ ಗೊತ್ತಾ?"

ಆ ಜಾಗ ಎಲ್ಲಿದೆ ಅಂತ ಈ ಭೂಮಿಯ ಮೇಲೆ ಗೊತ್ತಿದ್ದವರು ಇಬ್ಬರೇ. ಒಬ್ಬ ಈಗಷ್ಟೇ ಸುಳ್ಳು ಹೇಳಿದ್ದ. ಪೇದೆಯಮ್ಮ ಕಾರ್ಡು ಹಿಡಿದುಕೊಂಡು ಇನ್ನೊಬ್ಬನ ಬಾಯನ್ನೇ ನೋಡುತ್ತಾ ನಿಂತಿದ್ದಳು.